ಕರಿಕಲ್ಲಿಗೂ ಮುರಕಲ್ಲಿಗೂ ನಡುವೆ

ಪುತ್ತೂರು, ಸುಳ್ಯ, ಕಡಬದ ಕಡೆ ಬೋರ್‌ವೆಲ್ ಕೊರೆಸಿದವರು ಭೂಗರ್ಭಶಾಸ್ತ್ರದ ಮೊದಲ ಪಾಠವನ್ನು ದುಡ್ಡು ಕೊಟ್ಟು ಕಲಿತಿರುತ್ತಾರೆ. ಯಂತ್ರ ಶುರುವಾದೊಡನೆ ಹಾರುವುದು ಕೆಂಪು ಹುಡಿ; ಅದು ಮುರಕಲ್ಲು. ಅದರಡಿ ಬಿಳಿಯೋ ಹಳದಿಯೋ ಆದ ಮೆತ್ತನೆಯ ಶೇಡಿಮಣ್ಣು. ಕೇಸಿಂಗ್ ಪೈಪು ಇಳಿಯುವುದು ಇಲ್ಲಿ, ಖರ್ಚು ಏರುವುದೂ ಇಲ್ಲೇ. ಅದೂ ಮುಗಿದ ಮೇಲೆ ಯಂತ್ರದ ಸದ್ದು ಬದಲಾಗುತ್ತದೆ, ಬೂದಿಬಣ್ಣದ ಹುಡಿ ಏಳುತ್ತದೆ. ಕರಿಕಲ್ಲು ಸಿಕ್ಕಿತು ಎನ್ನುತ್ತಾರೆ ಬೋರಿನವರು.

ಆ ಕರಿಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ಪ್ರಾಯ. ಕೂಜಿಮಲೆ, ಕಲ್ಮಕಾರಿನ ಕಾಡಿನಲ್ಲಿ ಕದ್ದು ಅಗೆಯುವ ಕೆಂಪು ಹರಳುಕಲ್ಲು ಇಂಥ ಹಳೆಯ ಬಂಡೆಗಳ ಹೊಟ್ಟೆಯಲ್ಲಿ ಬೆಂದದ್ದು. ಮೇಲಿನ ಮುರಕಲ್ಲು ಬೇರೆಲ್ಲಿಂದಲೋ ಬಂದು ಬಿದ್ದದ್ದಲ್ಲ. ಅದೇ ಹಳೆಯ ಕಲ್ಲು ಮಳೆಯಲ್ಲಿ ನೆನೆದು, ಸೆಕೆಯಲ್ಲಿ ಬೆಂದು, ಕರಗುವುದೆಲ್ಲ ಕರಗಿಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದಾಗ ಆದದ್ದು. ಕರಾವಳಿಯ ಮುರಕಲ್ಲಿನಲ್ಲಿರುವ ಮ್ಯಾಂಗನೀಸ್ ಖನಿಜಗಳ ಕಾಲ ಅಳೆದವರು ಹೇಳುವಂತೆ ಈ ಕೊಳೆಯುವ ಕೆಲಸ ಇಲ್ಲಿ ನಡೆದದ್ದು ಸುಮಾರು 4.7 ಕೋಟಿ ವರ್ಷಗಳಿಂದ ಈಚೆಗೆ. ಮೇಲೆ ಐದು ಕೋಟಿಗೂ ಕಡಿಮೆ, ಕೆಳಗೆ 250 ಕೋಟಿಗೂ ಹೆಚ್ಚು. ನಡುವಿನ ಲೆಕ್ಕದ ಪುಸ್ತಕ ನಮ್ಮ ಜಾಗದಲ್ಲಿ ಇಲ್ಲ.

ಇಲ್ಲದ ಆ ಹಾಳೆಗಳಲ್ಲಿ 6.6 ಕೋಟಿ ವರ್ಷದ ಹಿಂದಿನ ಒಂದು ದಿನವೂ ಸೇರಿದೆ. ಬಾಹ್ಯಾಕಾಶದಿಂದ ಬಂದ ಕಲ್ಲೊಂದು ಇಂದಿನ ಮೆಕ್ಸಿಕೋದ ಯುಕಟಾನ್ ಕರಾವಳಿಗೆ ಬಡಿದು, ಭೂಮಿಯ ಮೇಲಿದ್ದ ಪ್ರತಿ ನಾಲ್ಕು ಜಾತಿಯ ಜೀವಿಗಳಲ್ಲಿ ಮೂರನ್ನು ಅಳಿಸಿದ ದಿನ ಅದು. ಇಟಲಿಯ ಗುಬ್ಬಿಯೋದಲ್ಲಿ, ಡೆನ್ಮಾರ್ಕಿನ ಸ್ಟೀವನ್ಸ್ ಕ್ಲಿಂಟ್‌ನಲ್ಲಿ, ನಮ್ಮದೇ ಮೇಘಾಲಯದ ಉಮ್ ಸೊಹ್ರಿಂಕ್ಯು ಹೊಳೆಯ ದಂಡೆಯಲ್ಲಿ ಅದರ ಗುರುತು ತೆಳ್ಳಗಿನ ಮಣ್ಣಿನ ಪದರವಾಗಿ ಉಳಿದಿದೆ. ತುಳುನಾಡಿನ ಕಲ್ಲಿನಲ್ಲಿ ಹುಡುಕಿದರೆ ಸಿಗದು. ಆದರೆ ಬದುಕಿರುವ ಮೈಗಳಲ್ಲಿ ಹುಡುಕಿದರೆ ಪುತ್ತೂರು, ಸುಳ್ಯ, ಕಡಬದಷ್ಟು ಒಳ್ಳೆಯ ಜಾಗ ಅಪರೂಪ.

ಮೊದಲು ಆ ಬಡಿತದ ಗಾತ್ರ ತಿಳಿಯಬೇಕು. ಕಲ್ಲಿನ ಅಗಲ ಸುಮಾರು 10 ಕಿ.ಮೀ. ಕುಮಾರಪರ್ವತ 1,712 ಮೀಟರ್; ಅಂಥ ಆರನ್ನು ಒಂದರ ಮೇಲೊಂದು ಪೇರಿಸಿದರೆ ಹೆಚ್ಚುಕಡಿಮೆ ಸರಿಹೋದೀತು. ವೇಗ ಸೆಕೆಂಡಿಗೆ 20 ಕಿ.ಮೀ. ಆಸುಪಾಸು, ಅಂದರೆ ಸಂಪಾಜೆಯಿಂದ ಮಂಗಳೂರಿಗೆ ಐದು ಸೆಕೆಂಡು. ಬಿದ್ದ ಕೆಲವು ನಿಮಿಷಗಳೊಳಗೆ ನೆಲ ಸುಮಾರು 30 ಕಿ.ಮೀ. ಆಳಕ್ಕೆ ಬಾಯ್ದೆರೆದು, ಮತ್ತೆ ಕುಸಿದು, ಕೊನೆಗೆ ಉಳಿದ ಕುಳಿಯ ಅಗಲವೇ ಸುಮಾರು 180 ಕಿ.ಮೀ. ಮಂಗಳೂರಿನಿಂದ ಶ್ರವಣಬೆಳಗೊಳಕ್ಕೆ ನೇರ ಗೆರೆ ಎಳೆದರೆ ಅಷ್ಟು ದೂರ. ನಮ್ಮ ಮೂರೂ ತಾಲೂಕು, ಶಿರಾಡಿ ಘಾಟಿ, ಬಿಸಿಲೆ ಕಾಡು, ಹಾಸನ ಎಲ್ಲ ಅದರ ಹೊಟ್ಟೆಯೊಳಗೆ ಸೇರಿಹೋಗುತ್ತವೆ.

ನೆಲ ನಡುಗಿದ್ದರ ಲೆಕ್ಕವೂ ಸುಳ್ಯದವರಿಗೆ ಬೇಗ ಹಿಡಿಯುತ್ತದೆ. 2022ರ ಜೂನ್ 28ರ ಬೆಳಿಗ್ಗೆ ಸಂಪಾಜೆ, ಅರಂತೋಡು, ಚೆಂಬು ಕಡೆ ನೆಲದೊಳಗಿಂದ ಗುಡುಗಿದಂಥ ಸದ್ದು ಬಂದು ಜನ ಮನೆಯಿಂದ ಹೊರಗೋಡಿದರು. ಮಾಪಕದಲ್ಲಿ ಅದು 3.0. ಯುಕಟಾನ್‌ನ ಆ ಬಡಿತ ಎಬ್ಬಿಸಿದ ಕಂಪನ 10ಕ್ಕೂ ಮೇಲೆ ಎನ್ನುತ್ತಾರೆ. ಮೂರಕ್ಕೂ ಹತ್ತಕ್ಕೂ ಏಳರ ವ್ಯತ್ಯಾಸ ತಾನೇ ಎನ್ನುವ ಹಾಗಿಲ್ಲ. ಮಾಪಕದಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಏಳು ಮೆಟ್ಟಿಲು ಹತ್ತಿದರೆ ಅದು ಮೂರು ಸಾವಿರ ಕೋಟಿ ಪಟ್ಟು.

ಹಾಗಿದ್ದರೂ ಜೀವಗಳನ್ನು ಕೊಂದದ್ದು ಬಡಿತಕ್ಕಿಂತ ಹೆಚ್ಚಾಗಿ ಕತ್ತಲು. ಯುಕಟಾನ್‌ನ ಆ ನೆಲದಲ್ಲಿ ಸುಣ್ಣಕಲ್ಲು ಮತ್ತು ಜಿಪ್ಸಮ್ ದಪ್ಪವಾಗಿ ಹಾಸಿದ್ದವು. ಜಿಪ್ಸಮ್‌ನಲ್ಲಿದ್ದ ಗಂಧಕ ಆವಿಯಾಗಿ ಮೇಲೇರಿತು. 2016ರಲ್ಲಿ ವಿಜ್ಞಾನಿಗಳು ಸಮುದ್ರದ ನಡುವೆ ಅಟ್ಟಣೆ ನಿಲ್ಲಿಸಿ ಆ ಕುಳಿಯನ್ನು ಕೊರೆದಾಗ, ಸುತ್ತಮುತ್ತ ಧಾರಾಳವಾಗಿರುವ ಜಿಪ್ಸಮ್ ಕುಳಿಯೊಳಗಿನ ತುಣುಕುಗಳಲ್ಲಿ ಹೆಚ್ಚುಕಡಿಮೆ ಕಾಣಲೇ ಇಲ್ಲ. ಎಲ್ಲ ಆಕಾಶಕ್ಕೆ ಹೋಗಿತ್ತು. ಗಂಧಕದ ಮಂಜು, ಹೊತ್ತಿ ಉರಿದ ಕಾಡುಗಳ ಮಸಿ, ಹಿಟ್ಟಿನಷ್ಟು ನಯವಾದ ಕಲ್ಲಿನ ಹುಡಿ, ಮೂರೂ ಸೇರಿ ಬಿಸಿಲನ್ನು ತಡೆದವು. ಎಲೆಗಳು ಅಡುಗೆ ಮಾಡುವುದನ್ನು ನಿಲ್ಲಿಸಿದವು, ಬಹುಶಃ ಎರಡು ವರ್ಷದಷ್ಟು ಕಾಲ. ಎಲೆ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಇದೇ ಗಾತ್ರದ ಕಲ್ಲು ಕೆಲವೇ ನಿಮಿಷ ಆಚೀಚೆಯಾಗಿ ನಡುಗಡಲಿಗೆ ಬಿದ್ದಿದ್ದರೆ ಇಷ್ಟು ಗಂಧಕ ಏಳುತ್ತಿರಲಿಲ್ಲ, ಡೈನೋಸಾರ್‌ಗಳಿಗೆ ಉಳಿಯುವ ದಾರಿಯೂ ಇರುತ್ತಿತ್ತೇನೋ. ಸೈಬೀರಿಯಾದ ಪೊಪಿಗೈಯಲ್ಲಿ ಸುಮಾರು 3.5 ಕೋಟಿ ವರ್ಷದ ಹಿಂದೆ ಸುಮಾರು 100 ಕಿ.ಮೀ. ಅಗಲದ ಕುಳಿ ಬಿದ್ದಿತು. ಕೆನಡಾದ ಮ್ಯಾನಿಕ್ವಾಗನ್‌ನಲ್ಲಿ ಇನ್ನೊಂದು ದೊಡ್ಡ ಕುಳಿಯಿದೆ. ಅವೆರಡೂ ಇಂಥ ಮಹಾಮರಣ ತರಲಿಲ್ಲ. ಕಲ್ಲಿನ ಗಾತ್ರದಷ್ಟೇ ಬಿದ್ದ ಜಾಗವೂ ಮುಖ್ಯ.

ಇದೆಲ್ಲ ಹೊಸ ತಿಳಿವಳಿಕೆ. ಪುತ್ತೂರಿನ ಬಾಲವನದಲ್ಲಿ ಬದುಕಿದ ಶಿವರಾಮ ಕಾರಂತರು ಮಕ್ಕಳಿಗೆಂದು ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆಂದು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದು ಮುಗಿಸಿದ ಕಾಲಕ್ಕೆ, ಡೈನೋಸಾರ್‌ಗಳು ಏಕೆ ಹೋದವು ಎಂಬ ಪ್ರಶ್ನೆಗೆ ಜಗತ್ತಿನ ಯಾವ ವಿಜ್ಞಾನಿಯಲ್ಲೂ ಗಟ್ಟಿ ಉತ್ತರವಿರಲಿಲ್ಲ. ಉತ್ತರ ಬಂದದ್ದು 1980ರಲ್ಲಿ. ಭೌತಶಾಸ್ತ್ರದ ನೊಬೆಲ್ ಪಡೆದಿದ್ದ ಲೂಯಿಸ್ ಆಲ್ವರೆಜ್, ಅವರ ಮಗ ಭೂವಿಜ್ಞಾನಿ ವಾಲ್ಟರ್, ರಸಾಯನಶಾಸ್ತ್ರಜ್ಞರಾದ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್ ಸೇರಿ ಗುಬ್ಬಿಯೋದ ಮಣ್ಣಿನ ಪದರದಲ್ಲಿ ಇರಿಡಿಯಂ ಲೋಹ ಮಾಮೂಲಿಗಿಂತ 30 ಪಟ್ಟು ಇರುವುದನ್ನು ಕಂಡರು. ಭೂಮಿಯ ಇರಿಡಿಯಂ ಬಹುಪಾಲು ಒಳತಿರುಳಿಗೆ ಇಳಿದುಹೋಗಿದೆ. ಮೇಲ್ಮಣ್ಣಿನಲ್ಲಿ ಇಷ್ಟು ಸಿಗಬೇಕಾದರೆ ಅದು ಆಕಾಶದಿಂದಲೇ ಬಂದಿರಬೇಕು. ಕುಳಿ ಎಲ್ಲಿ ಎಂದು ಕೇಳಿದವರಿಗೆ ಹೇಳಲು ಅವರ ಬಳಿ ಏನೂ ಇರಲಿಲ್ಲ. ತಮಾಷೆಯೆಂದರೆ ಎಣ್ಣೆ ಹುಡುಕುತ್ತಿದ್ದ ಗ್ಲೆನ್ ಪೆನ್‌ಫೀಲ್ಡ್ ಎಂಬವರು 1978ರಲ್ಲೇ ಮೆಕ್ಸಿಕೋದ ಸರಕಾರಿ ಎಣ್ಣೆ ಕಂಪನಿಯ ನಕ್ಷೆಗಳಲ್ಲಿ ಆ ದುಂಡು ಗುರುತನ್ನು ನೋಡಿಯಾಗಿತ್ತು. ಎರಡೂ ಕಡೆಯವರ ಮಾತು ಕೂಡಿಬಂದದ್ದು 1991ರಲ್ಲಿ.

ಆ ದಿನ ನಮ್ಮ ನೆಲ ಎಲ್ಲಿತ್ತು? ಈಗಿರುವಲ್ಲಿ ಅಲ್ಲ. ಭಾರತ ಆಗ ಏಷ್ಯಾಕ್ಕೆ ಅಂಟದೆ ಸಮಭಾಜಕ ವೃತ್ತದ ದಕ್ಷಿಣಕ್ಕೆ ಕಡಲಿನಲ್ಲಿ ಒಂಟಿಯಾಗಿ ತೇಲುತ್ತಿದ್ದ ದೊಡ್ಡ ದ್ವೀಪ. ಮಡಗಾಸ್ಕರ್ ಅದರಿಂದ ಕಳಚಿಕೊಂಡು ಎರಡು ಕೋಟಿ ವರ್ಷ ದಾಟಿತ್ತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಅಗಲಿಕೆಯ ಕಾಲದ ಲಾವಾ. ಅದು ಸಾಲದೆಂಬಂತೆ, ಕಲ್ಲು ಬೀಳುವ ಮೊದಲೇ ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾ ಹರಿಯಲು ಶುರುವಾಗಿತ್ತು. ಈಗ ಉಳಿದಿರುವುದೇ ಸುಮಾರು ಐದು ಲಕ್ಷ ಚದರ ಕಿ.ಮೀ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕರಿಗಲ್ಲು ಮತ್ತು ಎರೆಮಣ್ಣು ಅದರ ಕೊಡುಗೆ. ಶಾಲಾ ಪ್ರವಾಸದಲ್ಲಿ ಗೋಲಗುಮ್ಮಟ ನೋಡಿ ಬಂದ ಸುಳ್ಯದ ಮಕ್ಕಳು ಆ ಗೋಡೆಯ ಮೇಲೆ ಕೈಯಿಟ್ಟಿದ್ದರೆ, ಡೈನೋಸಾರ್‌ಗಳ ಕೊನೆಗಾಲದ ಲಾವಾವನ್ನೇ ಮುಟ್ಟಿದ್ದಾರೆ.

ಇಲ್ಲೇ ಒಂದು ದೊಡ್ಡ ಜಗಳವಿದೆ. ಕೊಂದದ್ದು ಆಕಾಶದ ಕಲ್ಲೋ, ದಖ್ಖನ್ನಿನ ಲಾವಾವೋ? ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನರೇಂದ್ರ ಭಂಡಾರಿ ಮತ್ತು ಸಂಗಡಿಗರಿಗೆ ಕಚ್ಛದ ಅಂಜಾರಿನಲ್ಲಿ ಲಾವಾ ಹಾಸುಗಳ ನಡುವಿನ ಕೆಸರುಕಲ್ಲಿನಲ್ಲಿ ಇರಿಡಿಯಂ ಸಿಕ್ಕಿತು. 2019ರಲ್ಲಿ ಅಮೆರಿಕದ ಎರಡು ತಂಡಗಳು ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ದಖ್ಖನ್ನಿನ ಲಾವಾದ ಕಾಲ ಅಳೆದು ಬರೆದವು. ಒಂದು ತಂಡದ ಪ್ರಕಾರ ಬಹುಪಾಲು ಲಾವಾ ಹರಿದದ್ದು ಬಡಿತದ ನಂತರ. ಇನ್ನೊಂದರ ಪ್ರಕಾರ ಒಂದು ದೊಡ್ಡ ಉಕ್ಕು ಬಡಿತಕ್ಕೆ ಸ್ವಲ್ಪ ಮೊದಲೇ ಆಗಿತ್ತು. ಮುಂಬೈ ಎದುರಿನ ಅರಬ್ಬಿ ಸಮುದ್ರದಡಿ ಇನ್ನೊಂದು ದೈತ್ಯ ಕುಳಿಯಿದೆ, ಅದೇ ‘ಶಿವ’ ಕುಳಿ, ಎಂದು ಶಂಕರ್ ಚಟರ್ಜಿ ವಾದಿಸಿದರು. ಹೆಚ್ಚಿನ ಭೂವಿಜ್ಞಾನಿಗಳು ಒಪ್ಪಲಿಲ್ಲ. ನನಗೆ ಕಾಣುವುದಿಷ್ಟು: ಲಾವಾ ಲಕ್ಷಗಟ್ಟಲೆ ವರ್ಷ ಹರಿಯಿತು, ಸಾವು ಮಾತ್ರ ಒಮ್ಮೆಗೇ ಬಂತು. ಕೊಲೆಯ ಹೊಣೆ ಕಲ್ಲಿನದ್ದು. ಆದರೆ ಐದು ಮಹಾ ಅಳಿವುಗಳಲ್ಲಿ ಹೀಗೆ ಆಕಾಶದ ಕಲ್ಲಿನ ಮೇಲೆ ಆರೋಪ ನಿಂತಿರುವುದು ಇದೊಂದೇ. ಎಲ್ಲಕ್ಕಿಂತ ದೊಡ್ಡದಾದ 25.2 ಕೋಟಿ ವರ್ಷದ ಹಿಂದಿನ ಅಳಿವಿಗೆ ಸೈಬೀರಿಯಾದ ಲಾವಾವೇ ಕಾರಣ ಎಂಬುದು ಹೆಚ್ಚಿನವರ ಮಾತು.

ಹೀಗೆ ಭಾರತಕ್ಕೆ ಬಿದ್ದದ್ದು ಎರಡೆರಡು ಪೆಟ್ಟು: ಜಗತ್ತಿಗೆಲ್ಲ ಬಂದ ಕತ್ತಲು ಒಂದು, ಮನೆಯೊಳಗಿನ ಬೆಂಕಿ ಇನ್ನೊಂದು. ಆದರೂ ಇಲ್ಲಿ ಕೆಲವು ವಂಶಗಳು ಉಳಿದವು. ಹೇಗೆ ಉಳಿದವು ಎನ್ನುವುದು ಸತ್ತವುಗಳ ಕತೆಗಿಂತ ನನಗೆ ಸ್ವಾರಸ್ಯವಾಗಿ ಕಾಣುತ್ತದೆ.

ಕೋಳಿಯಿಂದ ಶುರುಮಾಡೋಣ. ಡೈನೋಸಾರ್‌ಗಳು ಪೂರ್ತಿ ಅಳಿದವೆನ್ನುವುದು ಸರಿಯಲ್ಲ. ಒಂದು ಕವಲು ಹಕ್ಕಿಗಳಾಗಿ ಉಳಿದಿದೆ. ಅಂಕದ ಹುಂಜದ ಕಾಲಿನ ಹುರುಪೆಯನ್ನೂ ಅದು ಎದುರಾಳಿಯನ್ನು ನೋಡುವ ನೋಟವನ್ನೂ ಹತ್ತಿರದಿಂದ ಕಂಡವರಿಗೆ ಇದನ್ನು ನಂಬಿಸಬೇಕಾಗಿಲ್ಲ. ಬೆಲ್ಜಿಯಂನಲ್ಲಿ ಸಿಕ್ಕಿ 2020ರಲ್ಲಿ ಪ್ರಕಟವಾದ ಆಸ್ಟಿರಿಯಾರ್ನಿಸ್ ಎಂಬ ಹಕ್ಕಿಯ ತಲೆಬುರುಡೆ ಬಡಿತಕ್ಕೆ ಏಳೆಂಟು ಲಕ್ಷ ವರ್ಷ ಮೊದಲಿನದು. ಅದರಲ್ಲಿ ಕೋಳಿಯ ಲಕ್ಷಣವೂ ಇದೆ, ಬಾತುವಿನದೂ ಇದೆ. ಕಾಡುಗಳು ಸುಟ್ಟು ಬಿದ್ದಾಗ ಮರವನ್ನೇ ನಂಬಿದ್ದ ಹಕ್ಕಿಗಳು ಹೋದವು, ನೆಲದಲ್ಲಿ ಬದುಕುತ್ತಿದ್ದವು ಉಳಿದವು ಎಂದು 2018ರ ಅಧ್ಯಯನವೊಂದು ಹೇಳುತ್ತದೆ. ಬಿಸಿಲೆಯ ಕಾಡಿನ ಮೇಲೆ ರೆಕ್ಕೆ ಸದ್ದು ಮಾಡುತ್ತಾ ಹಾರುವ ಮಂಗಟ್ಟೆಯ ಹಿರಿಯರೂ ಆ ಲೆಕ್ಕದಲ್ಲಿ ನೆಲದ ಹಕ್ಕಿಗಳೇ.

ಸುಟ್ಟ ನೆಲದಲ್ಲಿ ಮೊದಲು ಚಿಗುರಿದ್ದು ಜರಿಗಿಡಗಳು. ಇರಿಡಿಯಂ ಪದರದ ಸರಿಮೇಲೆ ನ್ಯೂಜಿಲೆಂಡಿನಲ್ಲೂ ಉತ್ತರ ಅಮೆರಿಕದಲ್ಲೂ ಜರಿಗಿಡದ ಬೀಜಕಣಗಳ ರಾಶಿ ಸಿಗುತ್ತದೆ. ದರೆ ಜರಿದ ಮರುಮಳೆಗಾಲದಲ್ಲಿ ಕೆಮ್ಮಣ್ಣಿನ ಮೇಲೆ ಮೊದಲು ಹಸಿರಾಗುವುದು ಯಾವುದೆಂದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ತಾಳೆಯ ಕುಲದ್ದು ಇನ್ನೊಂದು ಬಗೆ. ಮಧ್ಯಪ್ರದೇಶದ ಘುಘುವಾದಲ್ಲಿ ಮತ್ತು ಛಿಂದ್ವಾಡದ ಸುತ್ತ, ಲಾವಾ ಹಾಸುಗಳ ನಡುವೆ ಕಲ್ಲಾದ ತಾಳೆ ಜಾತಿಯ ಕಾಂಡ, ಬೇರು, ಕಾಯಿಗಳು ಹೇರಳವಾಗಿ ಸಿಕ್ಕಿವೆ. ಅವುಗಳಲ್ಲೊಂದು ಕಾಯಿ, ನಾವು ಈರೋಳು ತಿನ್ನುವ ತಾಳೆಮರದ ಹತ್ತಿರದ ಬಳಗಕ್ಕೆ ಸೇರಿದ್ದು. ಲಾವಾದ ಒಂದು ಹಾಸಿಗೂ ಮುಂದಿನ ಹಾಸಿಗೂ ನಡುವಣ ಬಿಡುವಿನಲ್ಲಿ ಆ ಮರಗಳು ಮತ್ತೆ ಮತ್ತೆ ಬೆಳೆದಿದ್ದವು. ಕಡಬ ತಾಲೂಕಿನ ಕಿದುವಿನಲ್ಲಿರುವ ತೆಂಗಿನ ಅಂತರರಾಷ್ಟ್ರೀಯ ವಂಶವಾಹಿ ಭಂಡಾರ ಇಂಥದ್ದೊಂದು ಗಟ್ಟಿ ಕುಲದ ಸಂತತಿಯನ್ನು ಕಾಯುತ್ತಿದೆ. ಮೂರು ತಾಲೂಕಿನ ಹೊಟ್ಟೆಪಾಡು ನಡೆಯುವುದೂ ಅದೇ ಕುಲದ ಅಡಿಕೆಯಿಂದ.

ಕಪ್ಪೆಗಳದ್ದು ನಿಜವಾದ ವಿಜಯದ ಕತೆ. 2017ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಕಪ್ಪೆಗಳ ವಂಶವೃಕ್ಷ ಬಿಡಿಸಿ ನೋಡಿದಾಗ, ಇಂದಿನ ನೂರರಲ್ಲಿ 88 ಕಪ್ಪೆ ಜಾತಿಗಳು ಮೂರೇ ಮೂರು ಕವಲುಗಳಿಂದ ಬಂದವೆಂದೂ ಆ ಕವಲುಗಳು ಟಿಸಿಲೊಡೆದು ಹರಡಿದ್ದು ಬಡಿತದ ಸರಿಸುಮಾರು ಬೆನ್ನಿಗೇ ಎಂದೂ ಕಂಡಿತು. ಸುಬ್ರಹ್ಮಣ್ಯ, ಬಿಸಿಲೆ ಕಡೆಯ ತಣ್ಣನೆಯ ಹಳ್ಳಗಳಲ್ಲಿ ಬಂಡೆಗಂಟಿ ಕೂರುವ ಇರುಳುಗಪ್ಪೆ, ಒದ್ದೆ ತರಗೆಲೆಯಿಂದ ಚಂಗನೆ ಹಾರುವ ಇಂಡಿರಾನಾ, ನೀರಿನ ಭೋರ್ಗರೆತದಲ್ಲಿ ತನ್ನ ಕೂಗು ಕೇಳದೆಂದು ಹಿಂಗಾಲು ಚಾಚಿ ಬೀಸಿ ಎದುರಾಳಿಗೆ ಎಚ್ಚರಿಕೆ ಕೊಡುವ ಮೈಕ್ರಿಕ್ಸಾಲಸ್, ಈ ಮೂರೂ ಬೇರೆ ಬೇರೆ ಹಳೆಯ ಮನೆತನದವು. ಪಶ್ಚಿಮಘಟ್ಟ ಬಿಟ್ಟರೆ ಇಂಡಿರಾನಾ, ಮೈಕ್ರಿಕ್ಸಾಲಸ್‌ಗಳ ಮನೆತನ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ದಕ್ಷಿಣಕ್ಕೆ ಇಡುಕ್ಕಿಗೆ ಹೋದರೆ 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸುಯ್ಟ್ ಜಗತ್ತಿಗೆ ತೋರಿಸಿದ ನೇರಳೆ ಕಪ್ಪೆ ಇದೆ. ವರ್ಷದ ಬಹುಪಾಲು ಮಣ್ಣಿನೊಳಗೇ ಇದ್ದು, ಮಳೆ ಶುರುವಾದಾಗ ಕೆಲವು ದಿನ ಮಾತ್ರ ಮೇಲೆ ಬರುತ್ತದೆ. ಅದರ ಹತ್ತಿರದ ನೆಂಟರಿರುವುದು ಕಡಲಾಚೆಯ ಸೇಶೆಲ್ಸ್‌ನಲ್ಲಿ.

ಸೇಶೆಲ್ಸ್‌ನ ನೆಂಟಸ್ತಿಕೆ ನಮ್ಮ ಜಿಲ್ಲೆಗೂ ಇದೆ. ಗುರುಪುರದ ಒಂದು ತೋಟದಲ್ಲಿ ಸಿಕ್ಕಿದ, ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಪ್ರಾಣಿಯೊಂದಕ್ಕೆ 1999ರಲ್ಲಿ ಗೆಜೆನಿಯೋಫಿಸ್ ಕೃಷ್ಣಿ ಎಂದು ಹೆಸರಿಟ್ಟರು. ಅದು ಹುಳವೂ ಅಲ್ಲ, ಹಾವೂ ಅಲ್ಲ. ಕಪ್ಪೆಯ ದಾಯಾದಿ, ಸಿಸಿಲಿಯನ್ ಎಂಬ ಗುಂಪಿನದು. ಅದರ ಕುಟುಂಬದ ಇತರರು ಸೇಶೆಲ್ಸ್ ಮತ್ತು ಆಫ್ರಿಕಾದಲ್ಲಿದ್ದಾರೆ. ಬಡಿತ ಆದಾಗ ಇವುಗಳ ಹಿರಿಯರು ಮಣ್ಣಿನೊಳಗಿದ್ದರು, ಬಹುಶಃ ಅದರಿಂದಲೇ ಬದುಕಿಕೊಂಡರು.

ಉಳಿದವರ ಪಟ್ಟಿ ನೋಡಿದರೆ ಒಂದು ಜಾಡು ಸಿಗುತ್ತದೆ. ನೆಲದ ಮೇಲೆ 25 ಕಿಲೋಗಿಂತ ಭಾರದ ಪ್ರಾಣಿ, ಮೊಸಳೆಯಂಥವನ್ನು ಬಿಟ್ಟರೆ, ದಾಟಲಿಲ್ಲ. ದಾಟಿದ್ದು ಸಣ್ಣ ಹೊಟ್ಟೆಯವು, ಬಿಲದವು, ಸಿಹಿನೀರಿನವು. ಹಳ್ಳದ ಬದುಕು ನಡೆಯುವುದು ಹಸಿರೆಲೆಗಿಂತ ಹೆಚ್ಚಾಗಿ ಉದುರಿ ಕೊಳೆತ ಎಲೆಯಿಂದ. ತರಗೆಲೆಯನ್ನು ಹುಳ ತಿನ್ನುತ್ತದೆ, ಹುಳವನ್ನು ಕಪ್ಪೆ ತಿನ್ನುತ್ತದೆ. ಬಿಸಿಲು ಎರಡು ವರ್ಷ ಬಾರದಿದ್ದರೂ ಆ ಅಂಗಡಿ ಪೂರ್ತಿ ಮುಚ್ಚುವುದಿಲ್ಲ.

ಲಾವಾದಿಂದ ಪಾರಾದದ್ದು ಹೇಗೆ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ಉತ್ತರ ಸಿಕ್ಕಿತು. ಜಾಹ್ನವಿ ಜೋಶಿ ಮತ್ತು ಪ್ರವೀಣ್ ಕಾರಂತ್ 2013ರಲ್ಲಿ ಪಶ್ಚಿಮಘಟ್ಟದ ಶತಪದಿಗಳ ವಂಶವನ್ನು ಹಿಂದಕ್ಕೆ ಹುಡುಕುತ್ತಾ ಹೋದರು. ಹಳೆಯ ಬೇರುಗಳು ಕಂಡದ್ದು ಘಟ್ಟದ ದಕ್ಷಿಣ ಭಾಗದಲ್ಲಿ. ಲಾವಾ ಉತ್ತರದಲ್ಲೇ ನಿಂತಿತ್ತು, ದಕ್ಷಿಣ ತುದಿ ಅಭಯಸ್ಥಾನವಾಗಿತ್ತು ಎಂಬ ಊಹೆಗೆ ಇದು ಬಲ ಕೊಟ್ಟಿತು. ನಮ್ಮ ನೆಲದ ಮೇಲೆ ದಖ್ಖನ್ ಲಾವಾದ ಹಾಸು ಇಲ್ಲದಿರುವುದನ್ನು ಬೋರಿನವರ ಹುಡಿಯೇ ತೋರಿಸುತ್ತದೆ.

ಇನ್ನೊಮ್ಮೆ ಬೀಳುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಣ್ಣವು ಬೀಳುತ್ತಲೇ ಇರುತ್ತವೆ. 1865ರಲ್ಲಿ ಮದ್ದೂರಿನಲ್ಲಿ, ಮರುವರ್ಷ ನಮ್ಮ ಉಡುಪಿಯ ಬಳಿ ಬಿದ್ದ ಉಲ್ಕಾಶಿಲೆಗಳು ಜಗತ್ತಿನ ಪಟ್ಟಿಯಲ್ಲಿ ದಾಖಲಾಗಿವೆ. 2025ರ ಫೆಬ್ರುವರಿಯಲ್ಲಿ 2024 ವೈಆರ್4 ಎಂಬ ಕಲ್ಲು 2032ರ ಡಿಸೆಂಬರಿನಲ್ಲಿ ಬಡಿಯುವ ಸಾಧ್ಯತೆ ನೂರಕ್ಕೆ 3.1ಕ್ಕೆ ಏರಿತು. ಬೀಳಬಹುದಾದ ಪಟ್ಟಿಯಲ್ಲಿ ಅರಬ್ಬಿ ಸಮುದ್ರವೂ ದಕ್ಷಿಣ ಏಷ್ಯಾವೂ ಇತ್ತು. ಟಿ.ವಿ.ಯವರಿಗೆ ಹಬ್ಬವಾಯಿತು. ಅದೇ ತಿಂಗಳೊಳಗೆ ಲೆಕ್ಕ ಪಕ್ಕಾ ಆಗಿ ಅಪಾಯ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಆ ಸುದ್ದಿಗೆ ಅಷ್ಟು ಜಾಗ ಸಿಗಲಿಲ್ಲ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಗುದ್ದಿ, ಅದರ ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆ ಮಾಡಿತು. 2029ರ ಏಪ್ರಿಲ್ 14ರ ಬೆಳಗಿನ ಜಾವ ಮೂರು ಗಂಟೆ ದಾಟಿದ ಹೊತ್ತಿಗೆ, ನಮ್ಮಲ್ಲಿ ಬಿಸು ಕಣಿಯ ತಯಾರಿ ನಡೆಯುವ ದಿನಗಳಲ್ಲೇ, ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಗುದ್ದುವುದಿಲ್ಲ, ಮುಂದಿನ ನೂರು ವರ್ಷವೂ ಅದರಿಂದ ಭಯವಿಲ್ಲ.

ಆಕಾಶದ ಕಲ್ಲನ್ನು ದಾಟಿ ಬಂದ ಕುಲಗಳಿಗೆ ಈಗ ಕಷ್ಟ ಬಂದಿರುವುದು ಬೇರೆ ಕಡೆಯಿಂದ. ಪ್ರಪಂಚದ ಉಭಯಚರಿಗಳಲ್ಲಿ ನೂರಕ್ಕೆ 41ರಷ್ಟು ಜಾತಿಗಳು ಅಳಿವಿನ ಅಂಚಿನತ್ತ ಸಾಗಿವೆ. ಅವುಗಳನ್ನು ಕಾಪಾಡಿದ್ದು ಏನು ಎಂಬ ಪಟ್ಟಿಯನ್ನೇ ಹಿಡಿದು ನಮ್ಮ ತೋಟಗಳನ್ನು ನೋಡಿದರೆ ಲೆಕ್ಕ ಸಿಗುತ್ತದೆ. ತೋಡಿನ ಎರಡೂ ಬದಿಗೆ ಕಾಂಕ್ರೀಟು ಕಟ್ಟಿದರೆ ಬಿಲ ಇಲ್ಲ. ಕಳೆನಾಶಕ ಹೊಡೆದರೆ ಹುಳ ಇಲ್ಲ. ಜೆಸಿಬಿ ತಂದು ಗುಡ್ಡ ಮಟ್ಟಸ ಮಾಡಿದರೆ ತರಗೆಲೆಯೂ ಇಲ್ಲ, ಒದ್ದೆಯೂ ಇಲ್ಲ.

ಮಳೆ ಹಿಡಿದ ಮೇಲೆ ಅಡಿಕೆ ಬುಡ ಬಿಡಿಸುವಾಗಲೋ ಕಣಿ ತೆಗೆಯುವಾಗಲೋ ದಪ್ಪ ಎರೆಹುಳುವಿನಂಥ, ಲೋಳೆ ಮೈಯ, ಬಾಯಿಯಿರುವ ಪ್ರಾಣಿ ಹೊರಬಿದ್ದರೆ ಹಾವಿನ ಮರಿ ಎಂದು ಹಾರೆಯಲ್ಲಿ ಕಡಿಯಬೇಡಿ. ಅದರಿಂದ ನಿಮಗೆ ಅಪಾಯವಿಲ್ಲ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಜಾಗದ ಹೆಸರಿನೊಂದಿಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ, ಪ್ರಾಣಿಯನ್ನು ಒದ್ದೆ ಮಣ್ಣಿಗೇ ಮರಳಿ ಬಿಡಿ. ಪುತ್ತೂರು, ಸುಳ್ಯ, ಕಡಬದ ತೋಟಗಳಿಂದ ಇಂಥ ಚಿತ್ರ ಹೋದಷ್ಟೂ ಕೆಲಸಕ್ಕೆ ಬರುತ್ತದೆ.